ಸೇತುವೆ ತೆಗೆದವರು

ಫೆಬ್ರವರಿ 6

ಅಕ್ಕನಿಗೆ,

ಒಂಬತ್ತು ವರ್ಷದ ಮೇಲೆ ಬರೆಯುತ್ತಿದ್ದೇನೆ. ಕ್ಷೇಮಸಮಾಚಾರ ಕೇಳುವುದಕ್ಕಲ್ಲ. ನೀವಿಬ್ಬರೂ ಕ್ಷೇಮವಾಗಿಯೇ ಇರುತ್ತೀರಿ, ನಿಮ್ಮ ದೇಶ ನಿಮ್ಮನ್ನು ಅಂಗೈಯಲ್ಲಿಟ್ಟುಕೊಂಡು ನೋಡಿಕೊಳ್ಳುತ್ತದೆ.

ನೇರ ವಿಷಯಕ್ಕೆ ಬರುತ್ತೇನೆ. ಒಂದಾಗಿದ್ದ ದೇಶ ಎರಡಾಗಿ, ನದಿಯೇ ಗಡಿಯಾಗಿ ಬರುವ ಅಕ್ಟೋಬರಿಗೆ ಐವತ್ತು ವರ್ಷ. ಆ ವಾರ ಸೇತುವೆಯ ಮೇಲಿಂದ ಬಿದ್ದು ಸತ್ತ ನಲವತ್ತೊಂದು ಜನರ ನೆನಪಿಗೆ ನಮ್ಮ ದಡದಲ್ಲಿ ಕಲ್ಲು ನಿಲ್ಲಿಸುತ್ತಾರಂತೆ. ಒಂಬತ್ತಡಿಯ ಕರಿಕಲ್ಲು. ಕೈಯಲ್ಲಿ ಅಕ್ಷರ ಕೆತ್ತುವವನು ಈ ಊರಿನಲ್ಲಿ ನಾನೊಬ್ಬನೇ ಉಳಿದಿರುವುದರಿಂದ ಕೆಲಸ ನನಗೇ ಬಂತು. ಕಲ್ಲು ಆಗಲೇ ನನ್ನ ಶೆಡ್ಡಿನಲ್ಲಿ ಮಲಗಿದೆ. ಪಟ್ಟಿಯಲ್ಲಿ ಹದಿನೇಳನೆಯ ಹೆಸರು ಅಮ್ಮನದು.

ಅಮ್ಮನ ಹೆಸರನ್ನೂ ಉಳಿದ ಹೆಸರುಗಳ ಹಾಗೇ ಕೆತ್ತುತ್ತೇನೆ. ನಾಲ್ಕು ವರ್ಷದವನಿಗೆ ಏನು ನೆನಪಿರುತ್ತದೆ? ತಂಗಿಯ ಬಾಣಂತನಕ್ಕೆಂದು ಅಮ್ಮ ನನ್ನನ್ನೂ ಕರೆದುಕೊಂಡು ಈ ದಡಕ್ಕೆ ಬಂದಿದ್ದಳು. ಚಿಕ್ಕಮ್ಮನ ಬಾಣಂತಿ ಕೋಣೆಯಲ್ಲಿ ನನ್ನನ್ನು ಕೂರಿಸಿ, "ಸೇತುವೆ ಹತ್ರ ಏನೋ ಗಲಾಟೆಯಂತೆ, ನೋಡ್ಕೊಂಡು ಬರ್ತೀನಿ, ಹಟ ಮಾಡ್ಬೇಡ" ಅಂದು ಹೋದಳು. ಹಸಿರು ಬಟ್ಟೆಯ ಬೆನ್ನು ನೆನಪಿದೆ, ಅಷ್ಟೆ.

ಹೆಸರುಗಳ ಮೇಲೆ ಒಂದು ಸಾಲು ಕೆತ್ತಬೇಕು. ಸ್ಮಾರಕ ಸಮಿತಿಯವರು ಬರೆದುಕೊಟ್ಟಿದ್ದಾರೆ: "ನೆರೆದೇಶದವರು ಬೇಕೆಂದೇ ಸೇತುವೆ ತೆಗೆದು ಕೊಂದ ನಮ್ಮವರು." ಅದರ ಕೆಳಗೆ, ತೆಗೆದವನ ಹೆಸರು. ಸೇತುವೆ ಕಾಯುತ್ತಿದ್ದವನ ಹೆಸರು. ಅಂದರೆ ನಿನ್ನ ಅಪ್ಪನ ಹೆಸರು.

ನಾನು ಅವನ ಮಗನೆಂದು ಇಲ್ಲಿ ಯಾರಿಗೂ ಗೊತ್ತಿಲ್ಲ. ಚಿಕ್ಕಮ್ಮ ನನ್ನನ್ನು ತನ್ನ ಮಗನೆಂದೇ ಬರೆಸಿದ್ದಳು. ಹೋದ ವರ್ಷ ತೀರಿಕೊಂಡಳು, ಕೊನೆಯವರೆಗೂ ಬಾಯಿಬಿಡಲಿಲ್ಲ.

ಒಂದೇ ಒಂದು ಪ್ರಶ್ನೆ. ಅವನನ್ನು ಕೇಳಿ ಬರೆ. ತೆಗೆ ಎಂದು ಅವನಿಗೆ ಹೇಳಿದವರು ಯಾರು? ಯಾರಾದರೂ ಹೇಳಿದ್ದರೆ ಅವರ ಹೆಸರು ಕೆತ್ತುತ್ತೇನೆ. ಯಾರೂ ಹೇಳಿರಲಿಲ್ಲವೆಂದರೆ ಅವನ ಹೆಸರನ್ನೇ ಕೆತ್ತುತ್ತೇನೆ. ಉಳಿ ಮಸೆದಿಟ್ಟಿದ್ದೇನೆ.

ಇಂತಿ,
ಕಲ್ಲಿನವನು


ಮಾರ್ಚ್ 2

ಒಂಬತ್ತು ವರ್ಷದ ಮೇಲೆ ಎಚ್ಚರವಾದ ತಮ್ಮನಿಗೆ,

ಸಿಮೆಂಟು ಲಾರಿಯ ಡ್ರೈವರ್ ನಿನ್ನ ಪತ್ರ ತಂದುಕೊಟ್ಟ. ಅಂಚೆಗೆ ಹಾಕದೆ ಒಳ್ಳೆಯದು ಮಾಡಿದೆ, ಹಾಕಿದ್ದರೆ ಎರಡೂ ದೇಶದ ಗುಮಾಸ್ತರು ಒಡೆದು ಓದಿ ಚಪ್ಪರಿಸುತ್ತಿದ್ದರು. ನಿನ್ನ ಪತ್ರದಲ್ಲಿ ಕಾಗುಣಿತದ ತಪ್ಪು ಒಂದೂ ಇಲ್ಲ. ಉಳಿದದ್ದೆಲ್ಲ ತಪ್ಪು.

"ನಿನ್ನ ಅಪ್ಪ" ಎಂದು ಬರೆದಿದ್ದೀಯಲ್ಲ, ನೀನೇನು ಮುಗಿಲಿನಿಂದ ಉದುರಿದವನೇ? ಎಂಬತ್ತೆರಡು ವರ್ಷದವರನ್ನು "ಅವನು" ಅನ್ನುತ್ತೀಯ. ಪತ್ರವನ್ನು ಅಪ್ಪನಿಗೆ ಓದಿ ಹೇಳುವಾಗ ಆ ಪದಗಳನ್ನೆಲ್ಲ ನಾನು ತಿದ್ದಿಕೊಂಡು ಓದಿದೆ. ತಿದ್ದುವುದೇ ನನ್ನ ಕೆಲಸ ತಾನೆ.

ನೀನು ಆ ಸೇತುವೆಯನ್ನು ಸರಿಯಾಗಿ ಕಂಡವನೂ ಅಲ್ಲ. ದೋಣಿಗಳನ್ನು ಸಾಲಾಗಿ ನಿಲ್ಲಿಸಿ ಮೇಲೆ ಹಲಗೆ ಹಾಸಿದ ಸೇತುವೆ ಅದು. ಸರಕಿನ ದೋಣಿಗಳಿಗೆ ದಾರಿ ಬಿಡಲು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನಡುವಿನ ಮೂರು ದೋಣಿಗಳ ಕೊಂಡಿ ಬಿಚ್ಚಿ ಪಕ್ಕಕ್ಕೆ ತಳ್ಳುತ್ತಿದ್ದರು. ಅದನ್ನು "ಸೇತುವೆ ತೆಗೆಯೋದು" ಅನ್ನುತ್ತಿದ್ದರು. ಮತ್ತೆ ಜೋಡಿಸಿದರೆ "ಸೇತುವೆ ಹಾಕೋದು". ಅಪ್ಪ ಹನ್ನೊಂದು ವರ್ಷ ದಿನಾ ಎರಡು ಸಲ ತೆಗೆದು ಎರಡು ಸಲ ಹಾಕಿದವರು. ಅವತ್ತು ತೆಗೆದಾಗ ಮಂಜು ಕವಿದಿತ್ತು. ಆ ದಡದ ಗೇಟು ಮುರಿದು ಜನ ಸೇತುವೆಗೆ ಹತ್ತಿದ್ದು ಇಲ್ಲಿಗೆ ಕಾಣಿಸಲಿಲ್ಲ. ಮುಂದಿದ್ದವರು ನಿಲ್ಲಬೇಕೆಂದರೂ ಹಿಂದಿದ್ದವರು ತಳ್ಳುತ್ತಲೇ ಬಂದರು.

ಇನ್ನು ನಿನ್ನ ಸಮಿತಿಯ "ನಮ್ಮವರು". ಆ ನಲವತ್ತೊಂದರಲ್ಲಿ ಇಪ್ಪತ್ತಾರು ಜನ ಈ ದಡದವರು, ತಮ್ಮ ಮನೆಗೆ ವಾಪಸು ಬರುತ್ತಿದ್ದವರು. ಅಮ್ಮನೂ ಈ ಮನೆಯವಳೇ. ಅವಳು ಯಾವಾಗ ನಿಮ್ಮವಳಾದಳು?

ನನ್ನ ಮೇಜಿನ ಮೇಲೂ ಅದೇ ಕಥೆ ಬಂದು ಕೂತಿದೆ. ಐವತ್ತನೇ ವರ್ಷಕ್ಕೆಂದು ಏಳನೇ ತರಗತಿಯ ಇತಿಹಾಸ ಪುಸ್ತಕ ಹೊಸದಾಗಿ ಅಚ್ಚಾಗುತ್ತಿದೆ. ಒಂಬತ್ತನೇ ಪಾಠ "ಸೇತುವೆಯ ವೀರ". ಪ್ರೂಫ್ ನೋಡುವವಳು ನಾನು. "ಶತ್ರುಗಳು ನುಗ್ಗುತ್ತಿರಲು ಕಾವಲುಗಾರನು ಪ್ರಾಣದ ಹಂಗು ತೊರೆದು ಸೇತುವೆಯನ್ನು ಕಡಿದುರುಳಿಸಿದನು." ಪಕ್ಕದಲ್ಲಿ ಚಿತ್ರ, ಕೈಯಲ್ಲಿ ಕೊಡಲಿ. ಅಪ್ಪ ಜನ್ಮದಲ್ಲಿ ಕೊಡಲಿ ಹಿಡಿದವರಲ್ಲ. ನಲವತ್ತೊಂದು ಜನ ಆ ಪಾಠದಲ್ಲಿ ಹುಡುಕಿದರೂ ಸಿಗುವುದಿಲ್ಲ.

ಅಪ್ಪನನ್ನು ಕೇಳಿದೆ. "ಫೋನು ಬಂತು" ಅಂದರು. "ಆಮೇಲೇನಾಯ್ತಪ್ಪಾ?" ಅಂದೆ. ಎದ್ದು ಹೋಗಿ ಕಿಟಕಿಯ ತಿರುಗಣಿಗೆ ಎಣ್ಣೆ ಬಿಡುತ್ತಾ ನಿಂತರು. ಹೀಗೇ ಇರುತ್ತಾರೆ. ಮನೆಯಲ್ಲಿ ಫೋನು ಬಡಿದುಕೊಂಡರೆ ಮಾತ್ರ ಕೋಲು ಬಿಸಾಕಿ ಓಡುತ್ತಾರೆ, ಇವತ್ತಿಗೂ ನನ್ನನ್ನು ಎತ್ತಲು ಬಿಡುವುದಿಲ್ಲ. ಇನ್ನೊಂದು ವಿಚಿತ್ರ ಹೇಳುತ್ತೇನೆ ಕೇಳು. ಅವರ ಬಾಯಲ್ಲಿ "ತೆಗೆ" ಎಂಬ ಮಾತೇ ಇಲ್ಲ. "ಬಾಗಿಲು ಸರಿಸು" ಅನ್ನುತ್ತಾರೆ. "ಅಂಗಿ ಕಳಚು" ಅನ್ನುತ್ತಾರೆ. ಇಂಥವರನ್ನು ಕಲ್ಲಿನ ಮೇಲೆ ಕೊಲೆಗಾರ ಎಂದು ಕೆತ್ತಲು ಹೊರಟಿದ್ದೀಯ.

ಸಿಟ್ಟಿಳಿಯದ
ಅಕ್ಕ


ಮಾರ್ಚ್ 25

ಅಕ್ಕನಿಗೆ,

ಮಂಜು ಕವಿದಿತ್ತಂತೆ, ಫೋನು ಬಂತಂತೆ. ಇಷ್ಟನ್ನು ನೀನು ಒಂಬತ್ತು ವರ್ಷದ ಹಿಂದೆಯೂ ಬರೆದಿದ್ದೆ.

ಪಾಠದ ಸುಳ್ಳು ನಿನಗೆ ಈಗ ಚುಚ್ಚುತ್ತಿದೆಯೇ? ಮೂವತ್ತೊಂದು ವರ್ಷದಿಂದ ಆ ಪಾಠದ ಪ್ರೂಫ್ ನೋಡುತ್ತಾ ಬಂದವಳು ನೀನೇ. ಅಲ್ಪವಿರಾಮಗಳನ್ನು ಸರಿಪಡಿಸಿ ಸುಳ್ಳನ್ನು ಹಾಗೇ ಬಿಟ್ಟು ಮೇಲಕ್ಕೆ ಕಳಿಸಿದೆ. ಆ ಕುರ್ಚಿ ನಿನಗೆ ಹೇಗೆ ಸಿಕ್ಕಿತು ಅಂತಲೂ ಗೊತ್ತು. ವೀರನ ಮಗಳು ಎಂದು ಕರೆದು ಕೊಟ್ಟ ಕೆಲಸ ಅದು. ಅವನ ಪದಕವನ್ನು ಎಲ್ಲಿ ನೇತುಹಾಕಿದ್ದೀಯ? ಬರುವವರಿಗೆಲ್ಲ ಕಾಣುವ ಹಾಗೆ ನಡುಮನೆಯಲ್ಲೇ ಇರಬೇಕು.

ನಮ್ಮ ಪುಸ್ತಕದಲ್ಲೂ ಪಾಠವಿದೆ, ಬಲ್ಲೆಯಾ? "ಜನರು ಅಂಗಲಾಚುತ್ತಿದ್ದಂತೆ ಕಾವಲುಗಾರನು ನಗುನಗುತ್ತಾ ಸೇತುವೆಯನ್ನು ತೆಗೆದನು." ನಿಮ್ಮವರು ಕೊಡಲಿ ಸೇರಿಸಿದರು, ನಮ್ಮವರು ನಗು ಸೇರಿಸಿದರು. ಆರನೇ ತರಗತಿಯಲ್ಲಿ ಮೇಷ್ಟ್ರು ಗೋಡೆಯ ಮೇಲೆ ಇದ್ದಿಲಿನಲ್ಲಿ ಅವನ ಚಿತ್ರ ಬರೆದು, "ಕಲ್ಲು ಹೊಡೀರಿ ನೋಡೋಣ" ಅನ್ನುತ್ತಿದ್ದರು. ಎಲ್ಲರಿಗಿಂತ ಚೆನ್ನಾಗಿ ಗುರಿ ಇಟ್ಟು ಹೊಡೆಯುತ್ತಿದ್ದವನು ನಾನು. ಮೇಷ್ಟ್ರು ಬೆನ್ನು ತಟ್ಟುತ್ತಿದ್ದರು. ಮನೆಗೆ ಬಂದು ಹೇಳಿದರೆ ಚಿಕ್ಕಮ್ಮ ಬೆನ್ನು ತಿರುಗಿಸಿ ಪಾತ್ರೆ ಉಜ್ಜುತ್ತಿದ್ದಳು. ಹದಿನೆಂಟು ತುಂಬಿದ ದಿನ ನಿಜ ಹೇಳಿದಳು. ಅವತ್ತು ನನಗಾದದ್ದನ್ನು ನಿನ್ನ ಯಾವ ಪ್ರೂಫಿನಲ್ಲೂ ತಿದ್ದಲಾಗುವುದಿಲ್ಲ.

ಹದಿನಾರು ಹೆಸರು ಕೆತ್ತಿ ಮುಗಿಸಿದ್ದೇನೆ. ನಿಜ ಸಿಗುವವರೆಗೆ ಹದಿನೇಳನೆಯದನ್ನು ಮುಟ್ಟುವುದಿಲ್ಲ.

ಕಲ್ಲಿನವನು


ಏಪ್ರಿಲ್ 19

ತಮ್ಮನಿಗೆ,

ಹೌದು, ಕುರ್ಚಿ ಹಾಗೇ ಸಿಕ್ಕಿದ್ದು. ಕೂತೆ. ಸಂಬಳ ತಂದೆ, ಅಪ್ಪನನ್ನು ಸಾಕಿದೆ. ಪಾಠ ಸುಳ್ಳೆಂದು ಗೊತ್ತಿದ್ದೂ ಸಹಿ ಹಾಕಿದೆ. ನನಗೆ ನಾಚಿಕೆಯಾಗಲಿ ಎಂದು ಬರೆದಿದ್ದರೆ ಆಗಿದೆ, ಸಮಾಧಾನಪಟ್ಟುಕೋ. ಪದಕ ನಡುಮನೆಯಲ್ಲಿಲ್ಲ. ಬೂಟ್ ಪಾಲಿಶ್ ಡಬ್ಬಿಯಲ್ಲಿದೆ, ಬ್ರಷ್ಷಿನ ಕೆಳಗೆ. ಅಲ್ಲಿಟ್ಟವರು ಅಪ್ಪನೇ.

ನೀನು ಕಲ್ಲು ಹೊಡೆದದ್ದನ್ನು ಅಪ್ಪನಿಗೆ ಓದಿ ಹೇಳಲಿಲ್ಲ. ನೀನು ಯಾವತ್ತಾದರೂ ಅವರ ಎದುರು ನಿಂತರೆ ನಿನ್ನ ಬಾಯಿಂದಲೇ ಹೇಳು, ಧೈರ್ಯವಿದ್ದರೆ.

ಈಗ ಮುಖ್ಯವಾದದ್ದು. ಅಪ್ಪನ ಟ್ರಂಕಿನ ತಳದಲ್ಲಿ ಸೇತುವೆಯ ದಿನಚರಿ ಪುಸ್ತಕ ಸಿಕ್ಕಿತು. ಯಾವ ಹೊತ್ತಿಗೆ ತೆಗೆದದ್ದು, ಯಾವ ಹೊತ್ತಿಗೆ ಹಾಕಿದ್ದು, ದಿನದಿನದ್ದೂ ಇದೆ. ಅವತ್ತಿನ ಪುಟದಲ್ಲಿ "9.40. ಫೋನು. ತೆಗೆದೆ" ಎಂದಿದೆ. ಅದರ ಕೆಳಗೆ "9.55. ಫೋನು" ಅಂತಷ್ಟೇ. ಆಮೇಲೆ ಪುಸ್ತಕವೆಲ್ಲ ಖಾಲಿ.

ಅಪ್ಪ ಸುಳ್ಳು ಹೇಳಿಲ್ಲ, ಫೋನು ಬಂದದ್ದು ನಿಜ. ಯಾಕೆಂದರೆ, ಇದನ್ನು ಇಲ್ಲಿಯವರೆಗೆ ನಿನಗೆ ಬರೆದಿರಲಿಲ್ಲ, ಆ ಫೋನು ಎತ್ತಿದವಳು ನಾನೇ. ನನಗಾಗ ಎಂಟು ವರ್ಷ. ಅಪ್ಪ ಕೆಳಗೆ ದೋಣಿಯಲ್ಲಿ ನೀರು ತೋಡುತ್ತಿದ್ದರು. ಸೇತುವೆ ಪಕ್ಕದ ಕಾವಲು ಗುಡಿಸಲಿನಲ್ಲಿ ನಾನೊಬ್ಬಳೇ ಇದ್ದೆ. ಜಿಲ್ಲಾ ಕಚೇರಿಯ ಹೊಸ ಅಧಿಕಾರಿಯ ದನಿ, "ಸೇತುವೆ ತೆಗಿ, ಜನ ಬರ್ತಿದಾರೆ." ಓಡಿಹೋಗಿ ಅಪ್ಪನಿಗೆ ಹೇಳಿದೆ. ದಿನಾ ತೆಗೆಯುವ ಹೊತ್ತೂ ಹತ್ತಿರ ಬಂದಿತ್ತು, ತೆಗೆದರು.

ಇಷ್ಟು ವರ್ಷ ಹೊಳೆಯದ್ದು ಈ ಪುಟ ನೋಡಿದಾಗ ಹೊಳೆಯಿತು. ಬಾಗಿಲು ತೆಗೆದರೆ ಜನ ಒಳಗೆ ಬರಬಹುದು, ಹಾಕಿದರೆ ಬರಲಾಗದು. ಸೇತುವೆಗೆ ಉಲ್ಟಾ. ಹಾಕಿದರೆ ದಾಟಬಹುದು, ತೆಗೆದರೆ ದಾಟಲಾಗದು. ಆ ಅಧಿಕಾರಿ ಬಂದು ವಾರವೂ ಆಗಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ಬಾಗಿಲಿನ ಭಾಷೆ. ಜನ ಬರುತ್ತಿದ್ದಾರೆ, ದಾರಿ ಬಿಡು ಎಂದು ಹೇಳಹೊರಟವನು "ಸೇತುವೆ ತೆಗಿ" ಅಂದ. ಇಲ್ಲಿ ಕೇಳಿಸಿಕೊಂಡವರದು ಸೇತುವೆಯ ಭಾಷೆ. ಕೊಡಲಿಯೂ ಇಲ್ಲ, ನಗುವೂ ಇಲ್ಲ. ಒಂದು ಪದವನ್ನು ಸರಿಯಾಗಿ ಆಡಲು ಬಾರದ ಅಧಿಕಾರಿ ಇದ್ದ, ಅಷ್ಟೆ. ಕೆತ್ತಬೇಕೆಂದರೆ ಅವನನ್ನು ಕೆತ್ತು, ನನ್ನ ಅಪ್ಪನನ್ನು ಬಿಟ್ಟುಬಿಡು.

ಅಕ್ಕ


ಮೇ 14

ಅಕ್ಕನಿಗೆ,

ಪತ್ರವನ್ನು ನಾಲ್ಕು ಸಲ ಓದಿದೆ. ಮೊದಲ ಸಲ ಎದೆಯ ಮೇಲಿನ ಭಾರ ಇಳಿದಂತಾಯಿತು, ನಿಜ ಹೇಳುತ್ತೇನೆ. ನಾಲ್ಕನೆಯ ಸಲ ಅನುಮಾನ ಬಂತು.

ಸಮಿತಿಯ ಅಧ್ಯಕ್ಷರು, ನನಗೆ ಗೋಡೆಗೆ ಕಲ್ಲು ಹೊಡೆಯಲು ಕಲಿಸಿದ ಅದೇ ಮೇಷ್ಟ್ರು. ಈಗ ಕಣ್ಣು ಮಂಜು, ಮಾತಿಗೇನೂ ಮುಪ್ಪಿಲ್ಲ. "ಮೇಷ್ಟ್ರೇ, ಅದು ಬೇಕಂತ ಮಾಡಿದ್ದಲ್ಲ, ತಪ್ಪಿ ಆಗಿದ್ದು ಅಂತ ಗೊತ್ತಾದ್ರೆ?" ಅಂದೆ. "ತಪ್ಪಿ ಆಯ್ತು ಅಂತ ಕಲ್ಲಲ್ಲಿ ಬರೆದ್ರೆ ಯಾರಯ್ಯ ನಿಂತ್ಕೊಂಡು ಓದ್ತಾರೆ?" ಅಂದರು. ಜೊತೆಗಿದ್ದವರೆಲ್ಲ ನಕ್ಕರು. ಆಗಸ್ಟಿನ ಕೊನೆಗೆ ಮೇಲಿನ ಸಾಲು, ಹೆಸರು ಎರಡೂ ಆಗಬೇಕಂತೆ.

ನಾನು ಕೇಳುವುದು ಇಷ್ಟೇ. 9.55ರ ಫೋನು ಏನು? ಅದನ್ನೂ ನೀನೇ ಎತ್ತಿದೆಯಾ? ಎತ್ತಿರದಿದ್ದರೆ ಅದರಲ್ಲಿ ಏನು ಹೇಳಿದರು? ಅಧಿಕಾರಿ ಹಾಗಂದ ಎಂದು ನೀನು ಹೇಳುತ್ತೀಯ, ನಿನಗಾಗ ಎಂಟು ವರ್ಷ. ಕಾಗದಕ್ಕಾದರೆ ಅಂದಾಜು ನಡೆಯುತ್ತದೆ, ನಾಳೆ ತಿದ್ದಬಹುದು. ನನ್ನ ಕೆಲಸದಲ್ಲಿ ನಡೆಯುವುದಿಲ್ಲ. ಕೇಳಿ ಬರೆ. ಬೇಗ ಬರೆ.

ತಮ್ಮ


ಜೂನ್ 22

ಅಕ್ಕ, ಪತ್ರವಿಲ್ಲ. ಲಾರಿಯವನನ್ನು ಕೇಳಿದರೆ, "ಅಮ್ಮಾವ್ರು ಬಾಗಿಲಲ್ಲೇ ನಿಂತು, ಏನೂ ಇಲ್ಲ ಹೋಗಪ್ಪಾ ಅಂದ್ರು" ಅನ್ನುತ್ತಾನೆ. ಮೂವತ್ತೊಂದು ವರ್ಷ ಸುಮ್ಮನಿದ್ದ ಹಾಗೆ ಈಗಲೂ ಸುಮ್ಮನಿರುತ್ತೀಯೇನು? ನೀವಿಬ್ಬರೂ ಸೇರಿ ನನ್ನನ್ನು ಎರಡನೇ ಸಲ ದಡದಲ್ಲಿ ನಿಲ್ಲಿಸುತ್ತಿದ್ದೀರಿ.


ಜುಲೈ 30

ತಮ್ಮನಿಗೆ,

ಇದನ್ನು ಕೂತು ಓದು.

ನಿನ್ನ ಪ್ರಶ್ನೆಯನ್ನು ಅಪ್ಪನ ಮುಂದಿಟ್ಟೆ. ದಿನಚರಿ ಪುಸ್ತಕವನ್ನೂ ಬಿಡಿಸಿಟ್ಟೆ. ನೋಡಿದರು, ಮುಚ್ಚಿದರು.

"ಅಪ್ಪಾ, ಎರಡನೇ ಫೋನು ಯಾರದು?"

"ಅದೇ ಅಧಿಕಾರೀದು."

"ಏನಂದ?"

"ಈಗ್ಯಾಕಮ್ಮ ಅದೆಲ್ಲ."

"ನಿಮ್ಮ ಹೆಸರನ್ನ ಕಲ್ಲಲ್ಲಿ ಕೆತ್ತಿಸ್ತಾರಂತೆ, ಕೊಲೆಗಾರ ಅಂತ. ಕೆತ್ತೋನು ನಿಮ್ಮ ಮಗ. ಗೊತ್ತಲ್ಲ?"

"ಕೆತ್ಲಿ ಬಿಡು. ಅವನ ಅಕ್ಷರ ಚೆನ್ನಾಗಿರತ್ತೆ."

ಆಗ ನಾನು ಕೂಗಾಡಿದೆ. ಬೀದಿಗೆ ಕೇಳುವ ಹಾಗೆ ಕೂಗಾಡಿದೆ. ನಿಮ್ಮ ಬಾಯಿಗೆ ಬೀಗ ಹಾಕಿಕೊಂಡು ನಮ್ಮಿಬ್ಬರ ಬಾಳನ್ನೂ ಹಾಳು ಮಾಡಿದಿರಿ ಅಂದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಅಪ್ಪ ಕೋಲನ್ನು ಗೋಡೆಗೆ ಒರಗಿಸಿ, ನನ್ನ ಮುಖ ನೋಡದೆ ಹೇಳಿದರು.

"'ಗೇಟು ತೆಗಿ ಅಂದ್ರೆ ಸೇತುವೆ ಯಾಕಯ್ಯ ತೆಗೆದೆ' ಅಂತ ಕಿರುಚಿದ. ಫೋನಲ್ಲೇ ಅಳ್ತಿದ್ದ ಪಾಪ. 'ನಂಗೆ ಹಾಗೇ ಕೇಳಿಸ್ತು ಸಾರ್' ಅಂದೆ."

ಗೇಟು, ತಮ್ಮ. ಅವನು ಹೇಳಿದ್ದು ಗೇಟು. ನಮ್ಮ ತುದಿಯಲ್ಲಿ ಬೆಳಗಿನಿಂದ ಬೀಗ ಹಾಕಿದ್ದ ಗೇಟು. ಪದವನ್ನು ಅವನು ಸರಿಯಾಗಿಯೇ ಆಡಿದ್ದ. ನಾನು ಓಡಿಬಂದು, "ಅಪ್ಪಾ, ಸೇತುವೆ ತೆಗಿಬೇಕಂತೆ!" ಎಂದು ಕೂಗಿದೆ. ಆ ಗುಡಿಸಲಿನಲ್ಲಿ ಬೆಳೆದವಳಿಗೆ "ತೆಗಿ" ಅಂದರೆ ಅದರ ಹಿಂದೆ ಸೇತುವೆಯೇ ಬರಬೇಕು. ಬೇರೆ ಯಾವ ಪದವೂ ಆ ಜಾಗಕ್ಕೆ ಗೊತ್ತೇ ಇರಲಿಲ್ಲ. ಗೇಟು ಹೋಗಿ ಸೇತುವೆ ಬಂತು. ಅದೇ ಪದ ಐವತ್ತು ವರ್ಷ ನನ್ನ ಕಿವಿಯಲ್ಲಿ ಅವನ ದನಿಯಲ್ಲೇ ಕೇಳುತ್ತಿತ್ತು.

"ಯಾಕೆ ಹೇಳ್ಲಿಲ್ಲ ನಂಗೆ?" ಅಂದೆ.

"ಹೇಳಿ? ನಿಂಗೆಂಟು ವರ್ಷ. ಆಗಷ್ಟೇ ಅಮ್ಮ ಹೋಗಿದ್ಲು."

ಆಮೇಲೆ ದೇಶ ಎರಡಾಯಿತು. ತನ್ನ ತಲೆ ಉಳಿಸಿಕೊಳ್ಳಲು ಆ ಅಧಿಕಾರಿ ಇದನ್ನೇ ಶೌರ್ಯವೆಂದು ಬರೆದು ಮೇಲಕ್ಕೆ ಕಳಿಸಿದ. ಪದಕ ಬಂತು. ಅಪ್ಪ ಬೇಡವೆನ್ನಲಿಲ್ಲ. ಬೇಡವೆಂದರೆ ವಿಚಾರಣೆಯಾಗುತ್ತಿತ್ತು. ವಿಚಾರಣೆಯಾದರೆ ಫೋನು ಎತ್ತಿದ್ದು ಯಾರು ಎಂದು ಕೇಳುತ್ತಿದ್ದರು. ಹೆಂಡತಿಯನ್ನು ಕೊಂದದ್ದಕ್ಕೆ ಕೊಟ್ಟ ಪದಕವನ್ನು ಎದೆಗೆ ಚುಚ್ಚಿಸಿಕೊಂಡು ವರ್ಷವರ್ಷ ವೇದಿಕೆಯ ಮೇಲೆ ಕೂತರು. ನಿನ್ನನ್ನು ಕರೆಸಿಕೊಳ್ಳಲಿಲ್ಲವೇಕೆ ಎಂದೂ ಕೇಳಿದೆ. "ಅವನು ಬಂದಿದ್ರೆ ಒಂದಲ್ಲ ಒಂದಿನ ಕೇಳ್ತಿದ್ದ. ನಾನು ಅವನಿಗೆ ಸುಳ್ಳು ಹೇಳೋಕಾಗ್ತಿರ್ಲಿಲ್ಲ" ಅಂದರು. ನನ್ನನ್ನು ಉಳಿಸಲು ನಿನ್ನನ್ನು ಬಿಟ್ಟರು. ಯಾರು ಕೇಳಿದ್ದರು ಇವರನ್ನು? ನಾನು ಕೇಳಿರಲಿಲ್ಲ. ಇನ್ನೂ ಸಿಟ್ಟಿದೆ ನನಗೆ, ಊಟ ಬಡಿಸುತ್ತೇನೆ, ಮಾತಾಡುವುದಿಲ್ಲ.

ಎರಡು ತಿಂಗಳು ನಿನಗೆ ಬರೆಯಲಿಲ್ಲ. ಪೆನ್ನು ಹಿಡಿದರೆ ಅಮ್ಮನ ಹಸಿರು ಬೆನ್ನು ಕಾಣುತ್ತಿತ್ತು. ನಾನು ನೋಡಿರದ, ನಿನ್ನ ಪತ್ರದಲ್ಲಿ ಓದಿದ ಬೆನ್ನು.

ಹೋದ ವಾರ ಒಂಬತ್ತನೇ ಪಾಠದ ಕೊನೆಯ ಪ್ರೂಫ್ ಬಂತು. "ಶತ್ರುಗಳು" ಎಂಬಲ್ಲಿಂದ "ಉರುಳಿಸಿದನು" ಎಂಬಲ್ಲಿಯವರೆಗೆ ಕೆಂಪು ಗೆರೆ ಎಳೆದು ಪಕ್ಕದಲ್ಲಿ ಬರೆದೆ: "ತಪ್ಪು. ಶತ್ರುಗಳು ಇರಲಿಲ್ಲ. ಮನೆಗೆ ಬರುತ್ತಿದ್ದ ಜನ ಇದ್ದರು. ಗೇಟು ತೆಗೆಯಲು ಹೇಳಿದ್ದನ್ನು ಎಂಟು ವರ್ಷದ ಹುಡುಗಿಯೊಬ್ಬಳು ಸೇತುವೆ ಎಂದು ತಿಳಿಸಿದಳು. ಆ ಹುಡುಗಿ ನಾನು." ಸಹಿ ಹಾಕಿದೆ. ಮ್ಯಾನೇಜರ್ ಒಳಗೆ ಕರೆದ. "ಏನಮ್ಮಾ ಇದು? ಪ್ರೂಫ್ ಅಂದ್ರೆ ಅಕ್ಷರ ತಿದ್ದೋದು, ಇತಿಹಾಸ ಅಲ್ಲ" ಅಂದ. "ಅಕ್ಷರಾನೇ ತಿದ್ದಿದೀನಿ ಸಾರ್, ಐವತ್ತು ವರ್ಷ ತಡವಾಯ್ತು" ಅಂದೆ. ಮನೆಗೆ ಕಳಿಸಿದ್ದಾರೆ. ಪುಸ್ತಕ ಮೊದಲಿದ್ದ ಹಾಗೆಯೇ ಅಚ್ಚಾಗಿದೆ. ಈ ಸಲ ಕೊಡಲಿಗೆ ಬಣ್ಣ ಹಾಕಿದ್ದಾರೆ.

ತೆಗೆ ಎಂದು ಹೇಳಿದವರು ಯಾರು ಎಂದು ನೀನು ಕೇಳಿದ್ದೆ. ನಾನು. ಅಪ್ಪನ ಹೆಸರು ಬೇಡ, ನನ್ನ ಹೆಸರು ಕೆತ್ತು. ಒತ್ತಕ್ಷರ ನೋಡಿಕೊಂಡು ಕೆತ್ತು, ಎಲ್ಲರೂ ತಪ್ಪು ಬರೆಯುತ್ತಾರೆ.

ಅಕ್ಕ


ಸೆಪ್ಟೆಂಬರ್ 21

ಅಕ್ಕನಿಗೆ,

ಓದಿದ ದಿನ ಉಳಿಯನ್ನು ಶೆಡ್ಡಿನ ಗೋಡೆಗೆ ಬೀಸಿದೆ. ತಗಡಿನಲ್ಲಿ ತೂತಾಗಿದೆ. ಆಮೇಲೆ ಅದನ್ನೇ ಹೆಕ್ಕಿಕೊಂಡು ಬಂದು ಕಲ್ಲಿನ ಮುಂದೆ ಕೂತೆ.

ಐದನೆಯ ದಿನ ಸಮಿತಿಗೆ ಹೋಗಿ, ನಾನು ಆ ಕಾವಲುಗಾರನ ಮಗ ಅಂದೆ. ಮೇಷ್ಟ್ರು ಕುರ್ಚಿಯನ್ನೇ ಹಿಂದಕ್ಕೆ ಎಳೆದುಕೊಂಡರು. ಆಮೇಲೆ ನಿನ್ನ ಪತ್ರದಲ್ಲಿದ್ದುದನ್ನೆಲ್ಲ ಹೇಳಿದೆ. ಕೊನೆಗೆ ಮೇಷ್ಟ್ರು, "ಎಂಟು ವರ್ಷದ ಹುಡುಗೀನ ಶತ್ರು ಅಂತ ಹೇಗಯ್ಯಾ ಕೆತ್ತೋದು?" ಅಂದರು. "ಕೆತ್ಬೇಡಿ" ಅಂದೆ. "ಹಾಗಾದ್ರೆ ಈ ಕಲ್ಲು ಯಾತಕ್ಕೆ?" ಅಂದರು. ತಮಾಷೆಗಲ್ಲ, ನಿಜವಾಗಿಯೇ ಕೇಳಿದರು.

ಮಾರನೆಯ ದಿನ ಕ್ರೇನು ತಂದು ಕಲ್ಲನ್ನು ಎತ್ತಿಕೊಂಡು ಹೋದರು. ಮೇಲಿನ ಸಾಲನ್ನೂ ಅಪ್ಪನ ಹೆಸರನ್ನೂ ಪೇಟೆಯಲ್ಲಿ ಮಿಷನ್ನಿನಿಂದ ಕೊರೆಸುತ್ತಾರಂತೆ. ತಡೆಯಲು ನನ್ನ ಕೈಲಾಗಲಿಲ್ಲ. ಆದರೆ ಅವರು ಬರುವ ಮೊದಲು ಆ ಐದು ದಿನದಲ್ಲಿ, ಹಗಲೂ ರಾತ್ರಿ ಕೂತು, ಉಳಿದ ಇಪ್ಪತ್ತೈದು ಹೆಸರನ್ನೂ ಮುಗಿಸಿದ್ದೆ. ಅಮ್ಮನದನ್ನು ಎಲ್ಲಕ್ಕಿಂತ ಆಳವಾಗಿ ಕೆತ್ತಿದ್ದೇನೆ. ಒಂದೊಂದು ಹೆಸರಿನ ಮುಂದೆಯೂ ಅವರ ಮನೆ ಎಲ್ಲಿತ್ತೋ ಅದನ್ನು ಸೇರಿಸಿದೆ. ಹದಿನೈದು "ಈ ದಡ". ಇಪ್ಪತ್ತಾರು "ಆ ದಡ". ಮೇಲೆ "ನಮ್ಮವರು" ಎಂದು ಕೊರೆದುಕೊಳ್ಳಲಿ, ಕೆಳಗೆ ನಿಂತು ಓದುವವರು ಎಣಿಸಿಕೊಳ್ಳುತ್ತಾರೆ. ಅಳಿಸಬೇಕೆಂದರೆ ಕಲ್ಲನ್ನೇ ಒಂದಂಗುಲ ಕೆರೆಯಬೇಕು.

ನಿನ್ನ ಮೇಲೆ ಸಿಟ್ಟಿಲ್ಲ ಎಂದು ಬರೆಯಲಾರೆ. ಆ ಎಂಟು ವರ್ಷದವಳ ಮೇಲಿಲ್ಲ. ಮೂವತ್ತೊಂದು ವರ್ಷ ಸಹಿ ಹಾಕಿದವಳ ಮೇಲಿದೆ. ಅಪ್ಪನ ಮೇಲೆ ಬೆಟ್ಟದಷ್ಟಿದೆ. ಅವರ ಎದುರು ನಿಂತು ಬೈಯಬೇಕು, ಗೋಡೆಗೆ ಕಲ್ಲು ಹೊಡೆದದ್ದನ್ನೂ ಹೇಳಬೇಕು. ಇದು ಪತ್ರದಲ್ಲಿ ಆಗುವ ಕೆಲಸವಲ್ಲ. ಆರು ವಾರ ಅಲೆದು ಮೂರು ದಿನದ ಪಾಸು ಮಾಡಿಸಿದ್ದೇನೆ. ಹೊಸ ಸೇತುವೆಯ ಮೇಲೆ ಬರುತ್ತೇನೆ, ಅದು ಕಾಂಕ್ರೀಟಿನದು. ಅಕ್ಟೋಬರ್ ಮೂರು, ಬೆಳಿಗ್ಗೆ ಹತ್ತರ ಹೊತ್ತಿಗೆ ನಿಮ್ಮ ಮನೆಯ ಮುಂದಿರುತ್ತೇನೆ.

ಅವತ್ತು ಬಾಗಿಲು ಬಡಿದಾಗ ನೀನು ಏಳಬೇಡ. ಅಪ್ಪನೇ ಬರಲಿ. ಅವರಿಗೆ ನಾನು ಹೇಳುವ ಈ ಮಾತನ್ನು ಮುಟ್ಟಿಸು. ಒಂದು ಪದವನ್ನೂ ಬದಲಿಸಬೇಡ.

"ಅಪ್ಪಾ, ಬಾಗಿಲು ತೆಗಿಬೇಕಂತೆ."

ನಿನ್ನ
ತಮ್ಮ